ಹಿಂದಿನ ಸಾಲಿಗೂ ಕೇಳುವಂತೆ

"ನಿನ್ನ ಕಣ್ಣಲ್ಲಿ ನನ್ನ ಮನೆಯಿದೆ, ನನ್ನ ದಾರಿಯಿದೆ, ನೀಲಿ ಲೈಟು ನಿಧಾನಕ್ಕೆ ಆನ್."

ತಾಲೀಮು ನಡೆಯುತ್ತಿದ್ದ ನಾಟಕದ ಹಾಲ್ ಗೊಳ್ಳೆಂದಿತು. ಹೀರೋ ಪಾತ್ರದವನಿಗೆ ನೆಗಡಿಯಿಂದ ಗಂಟಲು ಕಟ್ಟಿತ್ತು. ಮಾತೆಲ್ಲ ಬಾಯಿಪಾಠವಿದ್ದವನು ಲೈಟಿನವನೊಬ್ಬನೇ ಎಂದು ನಿರ್ದೇಶಕಿ ಅವನನ್ನು ಮೇಲಿನ ಗೂಡಿನಿಂದ ಇಳಿಸಿ ನಟಿಯ ಎದುರು ನಿಲ್ಲಿಸಿದ್ದರು. ಪಾಪ, ಒಂದೊಂದು ಮಾತಿನ ಬೆನ್ನಿಗೂ ಸ್ವಿಚ್ಚು ಒತ್ತಿ ಒತ್ತಿ, ಅವನಿಗೆ ಮಾತೂ ಸ್ವಿಚ್ಚೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು.

"ಸರಿಯಾಗಿ ನೋಡಿ, ನನ್ನ ಕಣ್ಣಲ್ಲಿ ಫ್ಯೂಸ್ ಬಾಕ್ಸೂ ಇರಬಹುದು" ಎಂದಳು ನಟಿ, ಹುಬ್ಬು ಹಾರಿಸಿ.

ಅವನ ಕಿವಿಗಳು ಕೆಂಪಗಾದವು. ಪ್ರತಿ ಪ್ರದರ್ಶನದಲ್ಲೂ ಅವಳು ಕಾಲಿಡುವ ಜಾಗಕ್ಕೆ ಅವಳಿಗಿಂತ ಮೊದಲೇ ಬೆಳಕು ಬಂದು ಕಾದಿರುತ್ತಿತ್ತು. ಕತ್ತಲಲ್ಲಿ ಕೂತು ಅವಳ ಹೆಜ್ಜೆಹೆಜ್ಜೆಯನ್ನೂ ಬಲ್ಲವನು ಎದುರಿಗೆ ಬಂದರೆ ನೆಲ ನೋಡುತ್ತಾನೆ! ಇವನು ತನ್ನದೇ ಆದ ಒಂದು ಮಾತನ್ನು ಆಡಬಾರದೇ ಎಂದು ಅವಳ ಜೀವ ಚಡಪಡಿಸುತ್ತಿತ್ತು.

ಮುಂದಿನ ಸಾಲಿನಲ್ಲಿ, ಅವಳನ್ನು ಸಿನಿಮಾದಲ್ಲಿ ನಟಿಸಲು ಕರೆದೊಯ್ಯಲು ಬಂದ ಕಂಪನಿಯ ಮ್ಯಾನೇಜರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಮೇಡಂ, ಇವತ್ತೇ ಉತ್ತರ ಬೇಕು, ಹೊರಗೆ ಕಾರು ನಿಂತಿದೆ. ಇನ್ಮೇಲೆ ಈ ನಾಟಕಗೀಟಕ ಬೇಡ. ತಂದೆ ಏನ್ಮಾಡ್ತಾರೆ ಅಂತ ಕೇಳಿದ್ರೆ ಬಿಸಿನೆಸ್ ಅನ್ನಿ. ಬಡಗಿ ಅಂದ್ರೆ ಚೆನ್ನಾಗಿರಲ್ಲ."

ಪರದೆಯ ಹಿಂದೆ ಟಕ್ ಟಕ್ ಎನ್ನುತ್ತಿದ್ದ ಸುತ್ತಿಗೆ ಗಕ್ಕನೆ ನಿಂತಿತು. ಅಲ್ಲಿ ಅರಮನೆಯ ಬಾಗಿಲು ಕೂರಿಸುತ್ತಿದ್ದವನು ಅವಳ ಅಪ್ಪನೇ. ಅವನು ಬಡಿದು ಜೋಡಿಸಿದ ಹಲಗೆಗಳ ಮೇಲೆ ನಿಂತೇ ಅವಳು ರಾಣಿಯಾದದ್ದು. ಮಗಳು ಹೆಸರು ಮಾಡಬೇಕಾದರೆ ಅಪ್ಪನ ಜಡ್ಡುಗಟ್ಟಿದ ಕೈಯನ್ನು ಮುಚ್ಚಿಡಬೇಕಂತೆ! ಅವಳ ರಕ್ತ ಕುದಿಯಿತು. ಆದರೂ ದೃಶ್ಯವನ್ನು ಅರ್ಧಕ್ಕೆ ಬಿಡುವ ಜಾಯಮಾನ ಅವಳದಲ್ಲ.

"ಸೀನ್ ಮುಗೀಲಿ, ಹೇಳ್ತೀನಿ."

ದೃಶ್ಯದಲ್ಲಿ ನಾಯಕಿ ಅರಮನೆಗೆ ಹೊರಟು ನಿಲ್ಲಬೇಕು, ನಾಯಕ "ಹೋಗು" ಎನ್ನಬೇಕು. ಅವಳು ಹೊರಟು ನಿಂತಳು. ಲೈಟಿನವನು ಬಾಯಿ ತೆರೆದ, ಮುಚ್ಚಿದ.

"ಏಯ್, ಒಂದೇ ಒಂದು ಮಾತು ಕಣೋ! ಮರೆತ್ಯಾ?" ನಿರ್ದೇಶಕಿ ರೇಗಿದರು.

"ಇಲ್ಲಕ್ಕಾ, ನೆನಪಿದೆ."

"ಮತ್ತೇನು ದಾಡಿ?"

"ಬಾಯಿಗೆ ಬರ್ತಿಲ್ಲ." ಅವನು ಮೊದಲ ಸಲ ತಲೆಯೆತ್ತಿ ಅವಳ ಮುಖ ನೋಡಿದ. "ಕಾರು ನಿಜವಾಗ್ಲೂ ನಿಂತಿದೆಯಲ್ಲಕ್ಕಾ. ಹೋಗ್ಬೇಡಿ ಅನ್ನೋಕೆ ನಾನ್ಯಾರು? ಹೋಗಿ ಅನ್ನೋಕೆ ನನ್ನ ಕೈಲಾಗಲ್ಲ."

ನಟಿಗೆ ಕುಣಿಯುವಷ್ಟು ಖುಷಿಯಾಯಿತು. ಅದನ್ನು ಅದುಮಿಟ್ಟು ಮ್ಯಾನೇಜರನತ್ತ ತಿರುಗಿದಳು.

"ಸಾರ್, ಕಾರು ತಗೊಂಡು ಹೊರಡಿ. ನಮ್ಮಪ್ಪ ಬಡಗಿ. ನಾನೂ ದುಡಿದು ತಿನ್ನೋಳೇ. ಅವರನ್ನ ಬಚ್ಚಿಟ್ಟು ನನ್ನ ಮುಖ ತೋರಿಸ್ತೀರಾ? ಈ ಮೂಗು ಯಾರದ್ದು ಅಂದ್ಕೊಂಡ್ರಿ?"

"ಇಂಥ ಚಾನ್ಸ್ ಮತ್ತೆ ಬರಲ್ಲ ಮೇಡಂ!"

"ಬರದಿದ್ರೆ ಬೇಡ. ನೀವು ನಾಟಕಕ್ಕೆ ಬನ್ನಿ, ಟಿಕೆಟ್ ತಗೊಂಡು."

ಮ್ಯಾನೇಜರ್ ಧುಮುಗುಡುತ್ತ ಹೊರಗೆ ಹೋದ. ಅವಳು ಲೈಟಿನವನ ಮುಂದೆ ಬಂದು ನಿಂತಳು.

"ನನ್ನನ್ನ ಯಾರೂ ಕಳಿಸ್ಬೇಕಿಲ್ಲ, ಯಾರೂ ಹಿಡಿದಿಟ್ಕೊಳ್ಳೋದೂ ಬೇಡ. ನನ್ನಿಷ್ಟಕ್ಕೆ ಉಳ್ಕೊಂಡೆ. ಈಗ ಹೇಳಿ. ನಾಟಕದ್ದಲ್ಲ, ನಿಮ್ಮ ಮಾತು."

"ನನ್ನನ್ನ... ಮದುವೆ ಆಗ್ತೀರಾ?" ಅವನು ಪಿಸುಗುಟ್ಟಿದ.

ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಕಿವಿಗೆ ಕೈಯಿಟ್ಟಳು. "ದನಿ ಹೊಟ್ಟೆಯಿಂದ ಬರಲಿ. ಹಿಂದಿನ ಸಾಲಿಗೂ ಕೇಳಬೇಕು."

ಅವನು ಎದೆ ತುಂಬ ಉಸಿರೆಳೆದು, ಸೂರು ಹಾರುವಂತೆ ಕೂಗಿದ: "ನನ್ನನ್ನ ಮದುವೆ ಆಗ್ತೀಯಾ?"

"ಕೇಳಿಸ್ತಪ್ಪಾ, ಇಲ್ಲೀತನಕ ಕೇಳಿಸ್ತು!" ಪರದೆಯ ಹಿಂದಿನಿಂದ ಅಪ್ಪನ ದನಿ. "ಬೇಗ ಏನಾದ್ರೂ ಹೇಳೇ ಮಗಳೇ, ಈ ಬಾಗಿಲು ಹಿಡ್ಕೊಂಡು ಎಷ್ಟು ಹೊತ್ತು ನಿಂತಿರಲಿ?"

"ಹೂಂ" ಎಂದಳು ಅವಳು. ತುಂಬಿದ ಸಭೆಯನ್ನು ಆಳುತ್ತಿದ್ದ ಆ ದನಿ ಈ ಸಲ ಎಷ್ಟು ಸಣ್ಣಗಿತ್ತೆಂದರೆ, ಅವನೊಬ್ಬನಿಗೆ ಮಾತ್ರ ಕೇಳಿಸಿತು.