ಏಳನೆಯ ಕುರ್ಚಿ

೧೯೬೨ರ ಫೆಬ್ರವರಿ ಒಂಬತ್ತು, ಬೆಳಿಗ್ಗೆ ಎಂಟು ಹತ್ತು. ಠಾಣೆಗೆ ಬಂದ ಪ್ರದರ್ಶನದ ಕಾರ್ಯದರ್ಶಿ, ಕೂತ್ಕೊಳ್ಳಿ ಎಂದರೂ ಕೂರಲಿಲ್ಲ. ನಿಂತೇ ದೂರು ಹೇಳಿದರು. ಪ್ರಾಂತೀಯ ಪೀಠೋಪಕರಣ ಪ್ರದರ್ಶನದಲ್ಲಿ ಹೊಸ ಮಾದರಿಯ ಕುರ್ಚಿಯೊಂದು ಮುರಿದು, ಕಸ ಗುಡಿಸುವ ಹೆಂಗಸು ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಕುರ್ಚಿಯ ಕಾಲು ಮುರಿದಲ್ಲಿ ಅರ್ಧದಷ್ಟು ಭಾಗ ಕೊಯ್ದ ಹಾಗೆ ನುಣುಪಾಗಿದೆ ಎಂದಾಗ ಇನ್ಸ್‌ಪೆಕ್ಟರ್ ಪೆನ್ನು ಕೈಗೆತ್ತಿಕೊಂಡರು. ಎಂಟೂವರೆಗೆ ಎಫ್‌ಐಆರ್ ದಾಖಲಾಯಿತು. ಹತ್ತಕ್ಕೆ ಸಾರ್ವಜನಿಕರಿಗೆ ಬಾಗಿಲು ತೆರೆಯಬೇಕಿತ್ತು.

ಆಸ್ಪತ್ರೆಯಲ್ಲಿ ಆ ಹೆಂಗಸು ನೋವಿಗಿಂತ ಹೆಚ್ಚಾಗಿ ಪೊಲೀಸರಿಗೆ ಹೆದರಿದ್ದಳು.

"ಎರಡೇ ನಿಮಿಷ ಕೂತೆ ಸ್ವಾಮಿ. ಕೆಲಸದಿಂದ ತೆಗೀತಾರಾ?"

ಇಲ್ಲ ಎಂದರು ಇನ್ಸ್‌ಪೆಕ್ಟರ್. ಹಾಗೆ ಹೇಳುವ ಅಧಿಕಾರ ತಮಗಿಲ್ಲವೆಂಬುದು ಅವರಿಗೆ ಗೊತ್ತಿತ್ತು.

ಒಂಬತ್ತೂ ಇಪ್ಪತ್ತಕ್ಕೆ ಸಭಾಂಗಣದಲ್ಲಿ ಪಂಚನಾಮೆ ಶುರುವಾಯಿತು. ಬೆತ್ತದ ಆಸನ, ಹೊರಗೆ ಚಾಚಿದ ಸಣಕಲು ಕಾಲು, ಕೈಯಿಲ್ಲದ ಬೆನ್ನು: ಅಂಥ ಕುರ್ಚಿಗಳು ಐದು ಸಾಲಾಗಿ ನಿಂತಿದ್ದವು. ಕೊಕ್ಕರೆ ಕಾಲಿನ ಮೇಲೆ ಮನುಷ್ಯರು ಕೂರೋದು ಹೇಗೆ ಸಾರ್ ಎಂದು ಕಾನ್‌ಸ್ಟೇಬಲ್ ನಗಲು ನೋಡಿದ. ಠಾಣೆಯಲ್ಲಿ ಎಲ್ಲರೂ 'ಕಡ್ಡಿ' ಎಂದು ಕರೆಯುವ ಸಪೂರ ಆಸಾಮಿ. ಯಾರೂ ನಗಲಿಲ್ಲ. ಕೋಣೆ ತುಂಬ ಕುರ್ಚಿ, ಒಬ್ಬರಿಗೂ ಕೂರುವ ಧೈರ್ಯವಿಲ್ಲ.

ಕಡ್ಡಿ ನೆಲಕ್ಕೆ ಬೆನ್ನು ಹಚ್ಚಿ ಟಾರ್ಚ್ ಹಿಡಿದು ಒಂದೊಂದರ ಅಡಿಗೂ ತೆವಳಿದ. ಐದರಲ್ಲೂ ಹಿಂಗಾಲಿನ ಸಂದಿಯ ಒಳಬದಿಯಲ್ಲಿ ಕೂದಲೆಳೆಯಷ್ಟು ಗೀರು. ಉಗುರು ಹಾಕಿದರೆ ಮೇಣ, ಮರದ ಪುಡಿ. ಮೇಲೆ ಹೊಸ ವಾರ್ನಿಶ್. ಇದು ಸಿಟ್ಟಿನಲ್ಲಿ ಮಾಡಿದ ಕೆಲಸವಲ್ಲ. ಕೈ ನಡುಗದವನು, ಮರದ ಒಳಗುಟ್ಟು ಬಲ್ಲವನು ಪುರುಸೊತ್ತಾಗಿ ಮಾಡಿದ್ದು.

ಮರದ ವಿಷಯ ತಿಳಿದ ಪಂಚರೊಬ್ಬರು ಬೇಕಿತ್ತು. ಕುರ್ಚಿಗಳನ್ನು ತಯಾರಿಸಿದ ಕಾರ್ಯಾಗಾರದ ದೊಡ್ಡ ಮೇಸ್ತ್ರಿಯನ್ನು ಕರೆಸಿದರು. ಅರವತ್ತರ ಆಸುಪಾಸಿನ ಮನುಷ್ಯ. ಮುರಿದ ಕಾಲನ್ನು ಕೈಯಲ್ಲಿ ಹಿಡಿದು, ಸಣ್ಣ ಹಲ್ಲಿನ ಗರಗಸ ಎಂದಷ್ಟೇ ಹೇಳಿದರು. ಬಿದ್ದದ್ದು ಯಾರು ಎಂದು ಕೇಳಲಿಲ್ಲ.

ಕಡ್ಡಿ ದಾಸ್ತಾನು ಪುಸ್ತಕ ತಿರುವಿದ. ಈ ಮಾದರಿಯವು ಬಂದದ್ದು ಏಳು. ಮುರಿದದ್ದು ಒಂದು, ಇಲ್ಲಿರುವುದು ಐದು.

"ಇನ್ನೊಂದು?"

ನಿನ್ನೆ ಸಂಜೆ ಮುಖ್ಯ ತೀರ್ಪುಗಾರರ ಮನೆಗೆ ಕಳಿಸಿದೆವು ಎಂದರು ಕಾರ್ಯದರ್ಶಿ. ಅವರ ಮಗಳು ಎಂಟು ತಿಂಗಳ ಗರ್ಭಿಣಿ. ಬೆನ್ನುನೋವು, ಈ ಕುರ್ಚಿ ಹಿತವಾಗಿದೆ ಅಂದಳಂತೆ.

ಮೇಸ್ತ್ರಿಯ ಕೈಯಿಂದ ಕಾಲು ಕೆಳಗೆ ಬಿತ್ತು.

"ಫೋನ್ ಮಾಡಿ. ಅದನ್ನೂ ಕೊಯ್ದಿದೀನಿ."

ಫೋನು ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ. ಜೀಪು ಹೊರಟಾಗ ಒಂಬತ್ತು ಐವತ್ತು. ಪಕ್ಕದಲ್ಲಿ ಕೂತ ಮೇಸ್ತ್ರಿ ಇನ್ನೂ ಬೇಗ, ಇನ್ನೂ ಬೇಗ ಎನ್ನುತ್ತಿದ್ದರು. ದಾರಿಯ ಪ್ರತಿ ತಿರುವಿನಲ್ಲೂ ಇನ್ಸ್‌ಪೆಕ್ಟರರಿಗೆ ಮರ ಸೀಳಿದ ಸದ್ದು ಕೇಳಿಸಿದಂತಾಗುತ್ತಿತ್ತು.

ತೀರ್ಪುಗಾರರ ಮನೆಯ ಮುಂಬಾಗಿಲು ತೆರೆದೇ ಇತ್ತು. ಕಿಟಕಿಯ ಬಳಿ, ಅದೇ ಕುರ್ಚಿಯಲ್ಲಿ, ಮಹಡಿಯಲ್ಲಿದ್ದ ಫೋನಿಗೆ ಮೆಟ್ಟಿಲು ಹತ್ತಲಾರದ ಹುಡುಗಿ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ಖಾಕಿ ಕಂಡು ಗಾಬರಿಯಿಂದ ಏಳಲು ಹಿಂದಕ್ಕೆ ಒತ್ತಿದಳು. ಕುರ್ಚಿ ಲಟಕ್ಕೆಂದಿತು.

"ಅಲುಗಾಡಬೇಡಮ್ಮ," ಎಂದರು ಇನ್ಸ್‌ಪೆಕ್ಟರ್ ಮೆತ್ತಗೆ.

ಅವರಿಗಿಂತ ಮೊದಲೇ ಮೇಸ್ತ್ರಿ ಮಂಡಿಯೂರಿ ಹಿಂಗಾಲನ್ನು ಎರಡೂ ಕೈಯಿಂದ ಅಪ್ಪಿ ಹಿಡಿದಿದ್ದರು. ಇನ್ಸ್‌ಪೆಕ್ಟರ್ ಅವಳ ತೋಳು ಹಿಡಿದು ಎಬ್ಬಿಸಿದರು. ಅವಳು ಗೋಡೆಗೆ ಒರಗಿದ ಮೇಲೂ ಮೇಸ್ತ್ರಿ ಕೈ ಬಿಡಲಿಲ್ಲ. ಕಡ್ಡಿ ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಹತ್ತೂ ಹದಿನೈದಕ್ಕೆ ದಸ್ತಗಿರಿ ಆಯಿತು.

ಹೇಳಿಕೆ ಬರೆಸುವಾಗ ಮೇಸ್ತ್ರಿ ಏನನ್ನೂ ಮುಚ್ಚಿಡಲಿಲ್ಲ. ಪ್ರದರ್ಶನದಲ್ಲಿ ಬಹುಮಾನ ಬಂದರೆ ಆ ಕುರ್ಚಿಯ ವಿನ್ಯಾಸ ಕಾರ್ಖಾನೆಗೆ ಹೋಗುತ್ತಿತ್ತು. ತಾವು ಎಂಟು ದಿನ ಕೂತು ಮಾಡುವ ಕುರ್ಚಿಯನ್ನು ಅಲ್ಲಿ ಯಂತ್ರ ಇಪ್ಪತ್ತು ನಿಮಿಷಕ್ಕೆ ಹೊರತಳ್ಳುವುದನ್ನು ಅವರು ಹೋಗಿ ನೋಡಿ ಬಂದಿದ್ದರು. ಅಂದಿನಿಂದ ನಿದ್ದೆಯಿಲ್ಲ. ಕಾರ್ಯಾಗಾರದಲ್ಲಿ ಹನ್ನೊಂದು ಜನ ಬಡಗಿಗಳು; ಅವರ ಮುಖ ನೋಡಲು ಭಯ. ನಾಳೆ ತೀರ್ಪುಗಾರರು ನಡೆಸುವ ಭಾರ ಪರೀಕ್ಷೆಯಲ್ಲಿ ಕುರ್ಚಿ ಮುರಿದರೆ, ಇದು ಬಾಳಿಕೆ ಬರುವುದಿಲ್ಲವೆಂದು ಎಲ್ಲರೂ ಕೈಬಿಡುತ್ತಾರೆ ಎಂದು ಲೆಕ್ಕ ಹಾಕಿದ್ದರು.

"ಜನ ಕೂತ್ರೆ ಏನಾಗುತ್ತೆ ಅಂತ ಯೋಚಿಸಲಿಲ್ವಾ?" ಇನ್ಸ್‌ಪೆಕ್ಟರ್ ಕೇಳಿದರು.

ಮೇಸ್ತ್ರಿ ತಾವು ಕೂತಿದ್ದ ಕುರ್ಚಿಯ ಅಂಚು ಸವರಿದರು.

"ಪರೀಕ್ಷೆಗೆ ಮರಳಿನ ಮೂಟೆ ಇಡ್ತಾರೆ ಅಂದ್ಕೊಂಡಿದ್ದೆ. ನಲವತ್ತು ವರ್ಷ ಕುರ್ಚಿ ಮಾಡಿದೀನಿ ಸಾರ್. ಅದರಲ್ಲಿ ಮನುಷ್ಯರು ಕೂರ್ತಾರೆ ಅನ್ನೋದೇ ಮರೆತುಹೋಯ್ತು."