ಸರ್ವಮಂಗಳಮ್ಮನ ರೀಲಿಗೆ ಹೊಸ ಹ್ಯಾಂಡಲ್

"ಕೈ ಮುಂದಕ್ಕೆ ಚಾಚಿ ಅಮ್ಮಾ. ಬೆರಳು ಮಡಚಿ. ಹಾಂ, ಹಾಗೇ ಇರ್ಲಿ."

ವಾರಿಜಾಳ ಅಪ್ಪ ವೆಂಕಟಾಚಲ ಕ್ಯಾಲಿಪರ್ ಹಿಡಿದು ಸರ್ವಮಂಗಳಮ್ಮನ ಅಂಗೈ ಅಳೆದ. ಚೀಟಿಯಲ್ಲಿ ಏನೋ ಬರೆದುಕೊಂಡ.

ಸ್ಕೂಲಿಂದ ಆಗತಾನೆ ಬಂದಿದ್ದ ವಾರಿಜಾ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮನೆಯ ಹಿಂದಿನ ಈ ಶೆಡ್ಡಿಗೆ ರಿಪೇರಿಗೆಂದು ಪಂಪು ಬರುತ್ತಿತ್ತು, ಹೊಲಿಗೆ ಮೆಷಿನ್ ಬರುತ್ತಿತ್ತು. ಅಪ್ಪ ಯಾರದಾದರೂ ಕೈ ಅಳೆದದ್ದನ್ನು ಅವಳು ಇದುವರೆಗೆ ಕಂಡಿರಲಿಲ್ಲ.

ಮೇಜಿನ ಮೇಲೆ ಸಾರಿನ ಬಟ್ಟಲಿನಷ್ಟು ಅಗಲದ ಒಂದು ರೀಲು ಇತ್ತು. ಗಾಳದ ಕೋಲಿಗೆ ಸಿಕ್ಕಿಸಿ ದಾರ ಸುತ್ತುವ ರೀಲು. ಪಕ್ಕದಲ್ಲಿ ಅದರ ಉದ್ದನೆಯ ಹ್ಯಾಂಡಲ್.

"ಇದು ನಮ್ಮ ಯಜಮಾನ್ರದ್ದು," ಎಂದರು ಸರ್ವಮಂಗಳಮ್ಮ. "ಅವರು ಹೋಗಿ ಒಂದು ವರ್ಷ ಆಯ್ತು. ಅವರ ಕೈ ದೊಡ್ಡದು. ನಾನು ಈ ಹ್ಯಾಂಡಲ್ ತಿರುಗಿಸಿದ್ರೆ ಮಣಿಕಟ್ಟು ನೋಯುತ್ತೆ. ವಿಲಾಯ್ತಿ ಮಾಲು, ಬೇರೆ ಹ್ಯಾಂಡಲ್ ಎಲ್ಲೂ ಸಿಗಲ್ಲ ಅಂದ್ರು."

"ಮೀನು ಹಿಡಿಯೋರು ಯಾರಮ್ಮಾ?"

"ನಾನೇ."

ಅಪ್ಪ ನಗಲಿಲ್ಲ. "ಆಯ್ತು, ನಿಮ್ಮ ಕೈಗೆ ಸರಿಯಾಗಿ ಮಾಡ್ಕೊಡ್ತೀನಿ," ಎಂದ.

ಜಯನಗರ ಆಗಿನ್ನೂ ಹೊಸ ಬಡಾವಣೆ. ವಾರಿಜಾಳ ಬೀದಿಯಲ್ಲಿ ಇದ್ದದ್ದು ನಾಲ್ಕೇ ಮನೆ. ಉಳಿದದ್ದೆಲ್ಲ ಖಾಲಿ ಸೈಟು, ಜಲ್ಲಿ ರಾಶಿ. ನಾಲ್ಕು ತಿಂಗಳ ಹಿಂದೆ ವಿಲ್ಸನ್ ಗಾರ್ಡನ್ನಿನಲ್ಲಿದ್ದಾಗ ಸಂಜೆಯಾದರೆ ಗೆಳತಿ ಕಾತ್ಯಾಯಿನಿ ಗೇಟಿನ ಹತ್ತಿರ ನಿಂತು ಕೂಗುತ್ತಿದ್ದಳು. ಇಲ್ಲಿ ಕೂಗುವವರು ಯಾರೂ ಇರಲಿಲ್ಲ. ಹೊಸ ಸ್ಕೂಲಿನಲ್ಲಿ ಎಲ್ಲರಿಗೂ ಆಗಲೇ ಗೆಳತಿಯರು ಇದ್ದರು. ಅಮ್ಮ ಬಾಣಂತನಕ್ಕೆಂದು ಉತ್ತರಹಳ್ಳಿಯ ಅಜ್ಜಿ ಮನೆಯಲ್ಲಿದ್ದಳು. ಅಪ್ಪ ದಿನವಿಡೀ ಶೆಡ್ಡಿನಲ್ಲಿ ಇರುತ್ತಿದ್ದ. "ಕಬ್ಬಿಣದ ಚೂರು ಕಣ್ಣಿಗೆ ಬೀಳುತ್ತೆ, ಒಳಗೆ ಬರ್ಬೇಡ" ಎನ್ನುತ್ತಿದ್ದ.

ಎರಡು ದಿನದ ನಂತರ ಅಪ್ಪ ಹೊಸ ಹಿತ್ತಾಳೆ ಹ್ಯಾಂಡಲ್ ಹಾಕಿದ ರೀಲನ್ನು ಬಟ್ಟೆಯ ಚೀಲದಲ್ಲಿಟ್ಟು ಅವಳ ಕೈಗೆ ಕೊಟ್ಟ. "ಮೂರನೇ ಕ್ರಾಸು, ಹಸಿರು ಗೇಟು. ತಿರುಗಿಸಿ ನೋಡಿ ಏನಂತಾರೆ ಕೇಳ್ಕೊಂಡು ಬಾ."

ಸರ್ವಮಂಗಳಮ್ಮ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ರೀಲನ್ನು ಕೋಲಿಗೆ ಸಿಕ್ಕಿಸಿದರು. ದಾರದ ತುದಿಯನ್ನು ವಾರಿಜಾಳ ಕೈಗೆ ಕೊಟ್ಟರು.

"ನೀನೀಗ ಮೀನು. ಓಡು ನೋಡೋಣ."

ವಾರಿಜಾ ದಾರವನ್ನು ಅಂಗೈಗೆ ಸುತ್ತಿಕೊಂಡಳು. ಆಮೇಲೆ ಓಡಿದಳು. ಸೀಬೆ ಮರ ದಾಟಿ, ತುಳಸಿಕಟ್ಟೆ ಸುತ್ತಿ, ಬಾವಿಯವರೆಗೂ ಓಡಿದಳು. ಹಿಂದಿನಿಂದ ರೀಲು ಟಿಕ್‌ಟಿಕ್‌ಟಿಕ್ ಎನ್ನುತ್ತಿತ್ತು. ಇದ್ದಕ್ಕಿದ್ದಂತೆ ದಾರ ಬಿಗಿಯಾಯಿತು. ಅವಳು ಎಳೆದಷ್ಟೂ ಅವರು ಸುತ್ತುತ್ತಿದ್ದರು. ಕೊನೆಗೆ ನಗುನಗುತ್ತ ಜಗಲಿಯ ಮೆಟ್ಟಿಲಿಗೆ ಬಂದು ಬಿದ್ದಳು.

"ಭಾರೀ ಮೀನು," ಎಂದರು ಸರ್ವಮಂಗಳಮ್ಮ ಏದುಸಿರು ಬಿಡುತ್ತ. "ಉದ್ದ ಸರಿಯಾಗಿದೆ. ಆದ್ರೆ ಹಿಡಿ ಸಣ್ಣ ಆಯ್ತು, ಬೆರಳು ಜಾರುತ್ತೆ ಅಂತ ಅಪ್ಪಂಗೆ ಹೇಳು."

ಅಪ್ಪ ಬೀಟೆ ಮರದಲ್ಲಿ ದಪ್ಪನೆಯ ಹಿಡಿ ಕಡೆದು ಹಾಕಿದ. ವಾರಿಜಾ ಮತ್ತೆ ಹೋದಳು, ಮತ್ತೆ ಮೀನಾದಳು. ಈ ಸಲ ಬೆರಳಿನ ಗೆಣ್ಣು ರೀಲಿಗೆ ತಾಗುತ್ತಿತ್ತು. ಅಪ್ಪ ಹ್ಯಾಂಡಲ್ಲನ್ನು ಹೊರಕ್ಕೆ ಒಂಚೂರು ಬಾಗಿಸಿದ.

"ಅಮ್ಮಾವ್ರೇ, ಹಿಡಿದ ಮೀನನ್ನೆಲ್ಲ ತಿಂತೀರಾ?" ಎಂದು ಒಮ್ಮೆ ವಾರಿಜಾ ಕೇಳಿದಳು.

"ತಿಂದಿದ್ದಕ್ಕಿಂತ ವಾಪಸ್ ನೀರಿಗೆ ಬಿಟ್ಟಿದ್ದೇ ಜಾಸ್ತಿ. ಯಜಮಾನ್ರು ಹಿಡಿಯೋರು, ನಾನು ಬಿಡಿಸಿ ಬಿಡ್ತಿದ್ದೆ. ಈ ಭಾನುವಾರ ನನ್ನ ತಮ್ಮನ ಜೊತೆ ಕಾವೇರಿಗೆ ಹೋಗ್ತಿದ್ದೀನಿ. ಮೊದಲನೇ ಸಲ ನಾನೇ ಹಿಡಿಯೋದು."

ಗುರುವಾರ ಮೂರನೇ ಸಲ. ವಾರಿಜಾ ಬಾವಿಯವರೆಗೆ ಓಡಿ, ಬಲವೆಲ್ಲ ಹಾಕಿ ಎಳೆದಳು. ಸರ್ವಮಂಗಳಮ್ಮ ಸಲೀಸಾಗಿ ಸುತ್ತಿದರು.

"ಈಗ ಸರಿಯಾಯ್ತು ನೋಡು," ಎಂದು ಕೈ ಬಿಚ್ಚಿ ಮಡಚಿದರು. "ಒಂದು ಚೂರೂ ನೋವಿಲ್ಲ. ಇನ್ನೇನೂ ಮಾಡೋದು ಬೇಡ ಅಂತ ಹೇಳು. ಕೊನೇದಾಗಿ ಒಂದು ಪಾಲಿಷ್ ಹಾಕಿ ಕಳಿಸಿದ್ರೆ ಸಾಕು."

ವಾರಿಜಾ ಚೀಲ ಹಿಡಿದು ನಿಧಾನವಾಗಿ ನಡೆದಳು. ಪಾಲಿಷ್ ಆದಮೇಲೆ ಹಸಿರು ಗೇಟಿನ ಒಳಗೆ ಹೋಗಲು ಅವಳಿಗೆ ಏನು ಕಾರಣ ಇರುತ್ತದೆ? ಖಾಲಿ ಸೈಟಿನಲ್ಲಿ ಒಂದು ಎಮ್ಮೆ ಮಲಗಿತ್ತು. ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಏನಂದ್ರು?" ಎಂದ ಅಪ್ಪ.

"ಇನ್ನೂ ಉದ್ದ ಆಯ್ತಂತೆ," ಎಂದಳು ವಾರಿಜಾ. "ಅರ್ಧ ಇಂಚು ಕಮ್ಮಿ ಮಾಡ್ಬೇಕಂತೆ."

ಅಪ್ಪ ಹುಬ್ಬು ಗಂಟಿಕ್ಕಿದ. "ಅರ್ಧ ಇಂಚಾ? ಅಷ್ಟು ಗಿಡ್ಡ ಆದ್ರೆ ದೊಡ್ಡ ಮೀನನ್ನ ಎಳೆಯೋಕ್ಕೆ ಬಲ ಸಾಲಲ್ಲ." ಚೀಟಿ ತೆಗೆದು ನೋಡಿದ. ಮತ್ತೆ ನೋಡಿದ. ಆಮೇಲೆ ಗರಗಸ ತೆಗೆದುಕೊಂಡ.

ಹಿತ್ತಾಳೆಯ ತುಂಡು ಟಣ್ಣೆಂದು ನೆಲಕ್ಕೆ ಬಿದ್ದಾಗ ವಾರಿಜಾ ಬಾಗಿಲಿನಿಂದ ಹಿಂದೆ ಸರಿದಳು.

ಶುಕ್ರವಾರ ಸಂಜೆ ಅವಳು ಮತ್ತೆ ದಾರ ಹಿಡಿದು ಓಡಿದಳು. ಈ ಸಲ ದಾರ ಬಿಗಿಯಾಯಿತು, ಆದರೆ ಹಿಂದಕ್ಕೆ ಬರಲಿಲ್ಲ. ಸರ್ವಮಂಗಳಮ್ಮ ಹಲ್ಲು ಕಚ್ಚಿ ತಿರುಗಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ ಮಣಿಕಟ್ಟು ಒತ್ತಿಕೊಂಡರು.

"ನಿನ್ನೆ ಚೆನ್ನಾಗಿತ್ತಲ್ಲ," ಎಂದು ಹ್ಯಾಂಡಲ್ಲನ್ನು ತಿರುಗಿಸಿ ನೋಡಿದರು. ಕೋಲನ್ನು ಗೋಡೆಗೆ ಒರಗಿಸಿಟ್ಟರು. "ಹೋಗ್ಲಿ ಬಿಡು. ಅಪ್ಪಂಗೆ ತಪ್ಪು ಕೇಳಿಸಿರ್ಬೇಕು. ಕಾವೇರಿಗೆ ನಾನು ಇನ್ನೊಂದು ಸಲ ಹೋದ್ರಾಯ್ತು. ಅವರಿಗೆ ಏನೂ ಹೇಳ್ಬೇಡ, ಬೇಜಾರು ಮಾಡ್ಕೊಳ್ತಾರೆ."

ವಾರಿಜಾ ದಾರದ ತುದಿ ಹಿಡಿದು ಬಾವಿಯ ಹತ್ತಿರವೇ ನಿಂತಿದ್ದಳು.

"ಅಪ್ಪಂಗೆ ತಪ್ಪು ಕೇಳಿಸಿಲ್ಲ," ಎಂದಳು. "ನಾನೇ ಸುಳ್ಳು ಹೇಳ್ದೆ. ಉದ್ದ ಆಯ್ತಂತೆ ಅಂತ."

ಸರ್ವಮಂಗಳಮ್ಮ ಅವಳ ಕಡೆ ತಿರುಗಿದರು. "ಯಾಕೆ?"

"ಸರಿಯಾಗ್ಬಿಟ್ರೆ ನಾನು ಇಲ್ಲಿಗೆ ಬರೋ ಹಾಗಿರ್ಲಿಲ್ಲ."

ಅವರು ಮೆಟ್ಟಿಲಿಳಿದು ಬಂದು ಅವಳ ಕೈಯಿಂದ ದಾರ ಬಿಡಿಸಿಕೊಂಡರು. ಬಿಗಿಯಾಗಿ ಹಿಡಿದು ಅವಳ ಅಂಗೈಯಲ್ಲಿ ಕೆಂಪು ಗೆರೆ ಮೂಡಿತ್ತು. ಅದನ್ನು ಹೆಬ್ಬೆರಳಿಂದ ಮೆಲ್ಲಗೆ ಉಜ್ಜಿದರು.

"ನನಗೆ ಹೇಳಿದ್ದಾಯ್ತು. ಅಪ್ಪಂಗೂ ಹೇಳು ಹೋಗು," ಎಂದರು.

ವಾರಿಜಾ ಮನೆಗೆ ಬಂದಾಗ ಅಪ್ಪ ಶೆಡ್ಡಿನಲ್ಲಿ ಹಳೇ ಚೀಟಿ ಮುಂದಿಟ್ಟುಕೊಂಡು ಕ್ಯಾಲಿಪರನ್ನು ಸ್ಕೇಲಿನ ಮೇಲಿಟ್ಟು ಪರೀಕ್ಷೆ ಮಾಡುತ್ತಿದ್ದ. ಅವಳಿಗೆ ಅರ್ಥವಾಯಿತು. ಅವನು ತನ್ನ ಅಳತೆಯನ್ನೇ ಅನುಮಾನಿಸುತ್ತಿದ್ದ.

"ಅಪ್ಪಾ, ನಿನ್ನ ಅಳತೆ ಸರಿ ಇತ್ತು," ಎಂದಳು ಹೊಸ್ತಿಲಲ್ಲೇ ನಿಂತು. ಮಿಕ್ಕದ್ದನ್ನೂ ಹೇಳಿದಳು.

ಅಪ್ಪ ಕ್ಯಾಲಿಪರ್ ಕೆಳಗಿಟ್ಟ. ಬೈಯಲಿಲ್ಲ. ಎದ್ದು ಹೋಗಿ ಮೂಲೆಯಿಂದ ಇನ್ನೊಂದು ಹಿತ್ತಾಳೆ ಪಟ್ಟಿ ತಂದ.

"ನಾಳೆ ಸಂಜೆಯೊಳಗೆ ಮುಗೀಬೇಕು. ಒಳಗೆ ಬಾ. ಈ ತುದಿ ಗಟ್ಟಿಯಾಗಿ ಹಿಡ್ಕೋ."

ಅವಳು ಒಳಗೆ ಹೋಗಿ ಪಟ್ಟಿ ಹಿಡಿದುಕೊಂಡಳು. ಅಪ್ಪ ಅರದಿಂದ ಉಜ್ಜತೊಡಗಿದ. ತಲೆ ಎತ್ತದೆಯೇ ಕೇಳಿದ: "ನಿಮ್ಮ ಕ್ಲಾಸ್ ಟೀಚರ್ ಹೆಸರೇನು?"

"ಗೌರಮ್ಮ ಮಿಸ್."

"ಒಳ್ಳೆಯವರಾ?"

"ಹೂಂ."

ಮುಂದೆ ಏನು ಕೇಳಬೇಕೆಂದು ಅಪ್ಪನಿಗೆ ತಿಳಿಯಲಿಲ್ಲ. ಮತ್ತೆ ಅರ ಉಜ್ಜಿದ. ಮೂಲೆಯಲ್ಲಿ ಮಧ್ಯಾಹ್ನದ ಊಟದ ಡಬ್ಬಿ ಇತ್ತು. ಅದರ ಪಕ್ಕ ಒಂದೇ ಲೋಟ. ವಾರಿಜಾ ಅದನ್ನು ಇವತ್ತೇ ನೋಡಿದ್ದು.

ಶನಿವಾರ ಸಂಜೆ ಹೊಸ ಹ್ಯಾಂಡಲ್ಲನ್ನು ಅಪ್ಪನೇ ಕೊಟ್ಟು ಬಂದ.

ಭಾನುವಾರ ಮಧ್ಯಾಹ್ನ ವಾರಿಜಾ ಮೂರನೇ ಕ್ರಾಸಿಗೆ ಹೋದಳು. ಹಸಿರು ಗೇಟಿಗೆ ಬೀಗ ಹಾಕಿತ್ತು. ಜಗಲಿಯಲ್ಲಿ ಕೋಲು ಇರಲಿಲ್ಲ. ದೂರದ ನದಿಯಲ್ಲಿ ಈಗ ನಿಜವಾದ ಮೀನು ಎಳೆಯುತ್ತಿರಬಹುದು ಅಂದುಕೊಂಡಳು. ಸ್ವಲ್ಪ ಹೊತ್ತು ಗೇಟಿನ ಕಂಬಿ ಹಿಡಿದು ನಿಂತಿದ್ದು, ಮನೆಯ ಕಡೆ ತಿರುಗಿದಳು.

ಬೀದಿಯ ತಿರುವಿನಲ್ಲೇ ಶೆಡ್ಡಿನಿಂದ ಅರದ ಸದ್ದು ಕೇಳಿಸಿತು. ಕರ್ ಕರ್ ಎಂದು ಸ್ವಲ್ಪ ಹೊತ್ತು ಉಜ್ಜಿ, ನಿಂತು, ಮತ್ತೆ ಶುರುವಾಗುತ್ತಿತ್ತು. ದಿನಾ ಕೇಳುತ್ತಿದ್ದ ಸದ್ದೇ. ಮಧ್ಯೆ ನಿಂತಾಗ ಒಳಗೆ ಎಷ್ಟು ನಿಶ್ಶಬ್ದವಾಗಿರುತ್ತದೆ ಎಂದು ಮಾತ್ರ ಅವಳು ಇದುವರೆಗೆ ಗಮನಿಸಿರಲಿಲ್ಲ.

ಅವಳು ಅಡುಗೆಮನೆಗೆ ಹೋಗಿ ಎರಡು ಲೋಟಕ್ಕೆ ಮಜ್ಜಿಗೆ ಬಗ್ಗಿಸಿಕೊಂಡು, ಚೆಲ್ಲದ ಹಾಗೆ ನಿಧಾನವಾಗಿ ಶೆಡ್ಡಿನ ಕಡೆ ನಡೆದಳು.