ಎಳೆದರೆ ಮೇಲೆ ಹೋದ ಅಚ್ಚು

ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಕೂರಲಿಲ್ಲ. ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಎರಡೂ ಅಂಗೈ ಊರಿ ನಿಂತಳು.

“ನನ್ನ ತಮ್ಮನ ಎರಡೂ ಕೈ ಬೆರಳು ಪ್ರೆಸ್ ಮಷೀನಿಗೆ ಹೋದ್ವು ಸಾರ್. ಅವನದೇ ಅಜಾಗರೂಕತೆ ಅಂತ ಕಾರ್ಖಾನೆಯವರು ಬರ್ಕೊಂಡ್ರು. ನಮ್ಮ ಯಜಮಾನ್ರು ಅಲ್ಲೇ ಫೋರ್ಮನ್, ಅವರೂ ಅದೇ ರಾಗ.”

“ತಮ್ಮ ಏನಂತಾನೆ?”

“ನಂದೇ ತಪ್ಪಕ್ಕ ಅಂತಾನೆ, ಗೋಡೆ ಕಡೆ ತಿರುಗ್ತಾನೆ. ಅವನಿಗೆ ಸುಳ್ಳು ಹೇಳೋಕೆ ಬಂದಿದ್ರೆ ತಾನೇ!”

ಎಫ್‌ಐಆರ್ ದಾಖಲಿಸಿ, ಇನ್‌ಸ್ಪೆಕ್ಟರ್ ಪೇದೆಯೊಂದಿಗೆ ಕಾರ್ಖಾನೆಗೆ ಹೋದರು. ಸಾಲಾಗಿ ಆರು ಹೈಡ್ರಾಲಿಕ್ ಪ್ರೆಸ್. ಕೊನೆಯದರ ಬುಡದಲ್ಲಿ ನೆಲ ತೊಳೆದು ಮರದ ಹೊಟ್ಟು ಚೆಲ್ಲಿದ್ದರು. ಅದನ್ನು ನೋಡಿಯೇ ಅವರಿಗೆ ಮೈ ಉರಿಯಿತು. ನೆತ್ತರಿಗೂ ಹೊಟ್ಟು, ಮಾತಿಗೂ ಹೊಟ್ಟು!

“ಇದು ಹೇಗೆ ನಡೆಯುತ್ತೆ?” ಫೋರ್ಮನ್‌ನನ್ನು ಕೇಳಿದರು.

“ಪಂಪು ಎಣ್ಣೆ ತಳ್ಳುತ್ತೆ ಸಾರ್. ಯಾವ ಕಡೆ ಹೋಗ್ಬೇಕು ಅನ್ನೋದು ಈ ವಾಲ್ವ್ ಕೈಲಿದೆ. ಒಳಗೊಂದು ಸರಳು ಜಾರುತ್ತೆ. ಹಿಡಿಕೆ ಎಳೆದ್ರೆ ಎಣ್ಣೆ ಸಿಲಿಂಡರ್ ತಲೆಗೆ ಹೋಗಿ, ತಗಡು ಒತ್ತೋ ಅಚ್ಚು ಇಳಿಯುತ್ತೆ. ತಳ್ಳಿದ್ರೆ ಬುಡಕ್ಕೆ ಹೋಗಿ ಏಳುತ್ತೆ.”

“ಕೈ ಬಿಟ್ರೆ?”

“ಸ್ಪ್ರಿಂಗು ಸರಳನ್ನ ನಡುವಿಗೆ ತರುತ್ತೆ. ದಾರಿ ಎಲ್ಲ ಮುಚ್ಚಿ ಅಚ್ಚು ಇದ್ದಲ್ಲೇ ನಿಲ್ಲುತ್ತೆ.”

“ಅಂದ್ರೆ ಅಚ್ಚು ಇಳಿಯೋವಾಗ ಒಂದು ಕೈ ಹಿಡಿಕೆ ಮೇಲೆ ಇರಲೇಬೇಕು. ಅವನ ಎರಡೂ ಕೈ ಒಳಗಿದ್ವು. ಎಳೆದವರು ಯಾರು, ನಿಮ್ಮ ತಾತನಾ?”

“ಸ್ಪ್ರಿಂಗು ಸಿಕ್ಕಿಕೊಂಡಿರ್ಬೇಕು...”

“ಎಳೆದು ತೋರಿಸಿ.”

ಫೋರ್ಮನ್ ಎಳೆದ. ಅರ್ಧದಲ್ಲಿ ನಿಂತಿದ್ದ ಅಚ್ಚು ಮೇಲಕ್ಕೆ ಹೋಯಿತು.

ಪೇದೆ ಉಳಿದ ಐದನ್ನೂ ಎಳೆಸಿ ನೋಡಿ ಬಂದ. “ಎಲ್ಲಾ ಕೆಳಗೇ ಬರ್ತವೆ ಸಾರ್. ಇದೊಂದಕ್ಕೇ ಸ್ವರ್ಗದ ಆಸೆ.”

ವಾಲ್ವಿನ ಎರಡು ಪೈಪುಗಳು ಅದಲುಬದಲಾಗಿದ್ದವು. ಅಪಘಾತದ ದಿನ ಈ ಯಂತ್ರದಲ್ಲೂ ಎಳೆದರೆ ಅಚ್ಚು ಇಳಿಯುತ್ತಿತ್ತೆಂದು ಪಕ್ಕದ ಪ್ರೆಸ್ಸಿನವನು ಹೇಳಿದ. ಹಾಗಾದರೆ ಆಮೇಲೆ ಯಾರೋ ಅವಸರದಲ್ಲಿ ವಾಲ್ವ್ ಬದಲಿಸಿ, ಪೈಪು ತಪ್ಪಾಗಿ ಜೋಡಿಸಿದ್ದರು. ಯಾರೆಂದು ಕೇಳುವ ಮೊದಲೇ ಫೋರ್ಮನ್ ಕಣ್ಣು ತನ್ನ ಸಾಮಾನಿನ ಬೀರುವಿನತ್ತ ಹೋಗಿ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ.

ಬೀರುವಿನಲ್ಲಿ, ಹಳೇ ಬಟ್ಟೆಯೊಳಗೆ ಇನ್ನೊಂದು ವಾಲ್ವ್ ಸಿಕ್ಕಿತು. ಅದರ ಸರಳನ್ನು ನಡುವಿಗೆ ತರುವ ಸ್ಪ್ರಿಂಗ್ ಇರಲಿಲ್ಲ. ಎಳೆದ ಜಾಗದಲ್ಲೇ ಹಿಡಿದಿಡುವ ಕಚ್ಚು ಇತ್ತು. ಒಮ್ಮೆ ಎಳೆದರೆ ತಗಡು ಹಿಡಿಯಲು ಎರಡೂ ಕೈ ಬಿಡುವು. ಅಚ್ಚು ಯಾರಿಗೂ ಕಾಯದೆ ಇಳಿಯುತ್ತದೆ. ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯಿತು.

“ನಿನ್ನ ಹೆಂಡ್ತಿ ತಮ್ಮ ಕಣಯ್ಯಾ ಅವನು!” ಇನ್‌ಸ್ಪೆಕ್ಟರ್ ದನಿಗೆ ಯಂತ್ರಗಳೇ ನಿಂತವು. “ಅವನ ಬಾಯಲ್ಲೇ ತಪ್ಪು ಒಪ್ಪಿಸಿದೆಯಲ್ಲೋ!”

“ನಾನು ಕೇಳಲಿಲ್ಲ ಸಾರ್. ಅಕ್ಕನ ಸಂಸಾರ ಹಾಳಾಗ್ಬಾರ್ದು ಭಾವ ಅಂತ ಅವನೇ...”

ಸಂಜೆ ಬಂಧನ. ಹೇಳಿಕೆಯಲ್ಲಿ ಫೋರ್ಮನ್ ಹೆಚ್ಚೇನೂ ಬರೆಸಲಿಲ್ಲ. ತಾನು ಕೆಲಸಕ್ಕೆ ಕರೆತಂದ ಹುಡುಗನ ಕೈ ನಿಧಾನವೆಂದು ಅವನನ್ನು ಎಲ್ಲರೂ ‘ಫೋರ್ಮನ್ನರ ಆಮೆ’ ಎಂದು ನಗುತ್ತಿದ್ದರು. ಎರಡೂ ಕೈ ಬಿಡುವಾದರೆ ಆಮೆಯೂ ಓಡೀತು, ತನ್ನ ಮಾನವೂ ಉಳಿದೀತು ಅಂದುಕೊಂಡು ಆ ಕಚ್ಚಿನ ವಾಲ್ವ್ ಹಾಕಿದ್ದ.

ಆಸ್ಪತ್ರೆಗೆ ಊಟದ ಡಬ್ಬಿ ಹಿಡಿದು ಹೊರಟಿದ್ದ ಹೆಂಡತಿ ಠಾಣೆಯ ಬಾಗಿಲಲ್ಲಿ, ಪೇದೆ ಕರೆದೊಯ್ಯುತ್ತಿದ್ದ ಗಂಡನಿಗೆ ಎದುರಾದಳು.

“ನನ್ನ ಮೇಲೇ ದೂರು ಕೊಟ್ಟೆಯಾ?” ಅವನು ಕೇಳಿದ.

“ನೀವು ಅಂತ ಗೊತ್ತಿರಲಿಲ್ಲ. ಗೊತ್ತಿದ್ರೂ ಕೊಡ್ತಿದ್ದೆ,” ಎಂದಳು. “ದಾರಿ ಬಿಡಿ. ಅವನಿಗೆ ತುತ್ತು ನಾನೇ ಇಡ್ಬೇಕು.”